ಬಾಗಿಲಿಗೆ ಮೂರು ಬೀಗ, ವೈಫೈಗೆ ಒಂದೂ ಇಲ್ಲ!

ಲಗ್ಗೆರೆ: ರಿಂಗ್ ರೋಡಿನ ಸೇತುವೆ ದಾಟಿ ಒಳಗೆ ಕಾಲಿಟ್ಟರೆ ಸಾಕು. ಇಪ್ಪತ್ತು-ಮೂವತ್ತರ ಸೈಟು, ಅದರ ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಎರಡು ಮನೆ. ಗೇಟಿಗೆ ಬೀಗ, ಬಾಗಿಲಿಗೆ ಬೀಗ, ಒಳಗಿನ ಬೀರುವಿಗೆ ಇನ್ನೊಂದು ಬೀಗ. ಮೆಟ್ಟಿಲ ಕೆಳಗೆ ನಿಂತ ಹಳೇ ಸ್ಕೂಟರಿಗೂ ಸರಪಳಿ. ಇಷ್ಟೆಲ್ಲ ಭದ್ರ ಮಾಡಿದ ಮಾಲೀಕರ ಮನೆಯ ಕಿಟಕಿ ಮೂಲೆಯಲ್ಲಿ ಎರಡು ಕೊಂಬಿನ ಬಿಳಿ ಡಬ್ಬವೊಂದು ಹಸಿರು ದೀಪ ಮಿಣುಕಿಸುತ್ತ ಕೂತಿರುತ್ತದೆ. ಇಡೀ ಕಟ್ಟಡದ ಬ್ಯಾಂಕು, ಮಕ್ಕಳ ಪಾಠ, ಹೆಂಗಸರ ವಿಡಿಯೋ ಕಾಲು, ಮಾಲೀಕರ ಸಿಸಿಟಿವಿ, ಎಲ್ಲವೂ ಹಾದುಹೋಗುವುದು ಈ ಡಬ್ಬದ ಹೊಟ್ಟೆಯಿಂದಲೇ. ಅದಕ್ಕೆ ಮಾತ್ರ ಬೀಗವೂ ಇಲ್ಲ, ಕಾವಲೂ ಇಲ್ಲ.

ಇದೆಯಲ್ಲ ಪಾಸ್‌ವರ್ಡು ಎನ್ನುತ್ತಾರೆ ಮಾಲೀಕರು. ಇದೆ, ನಿಜ. ಏನದು? ಅವರದೇ ಮೊಬೈಲ್ ನಂಬರು! ಅದೇ ನಂಬರು ಗೇಟಿನ ಮೇಲೆ ನೇತುಹಾಕಿದ ‘ಮನೆ ಬಾಡಿಗೆಗೆ ಇದೆ’ ಬೋರ್ಡಿನಲ್ಲೂ ದಪ್ಪಕ್ಷರದಲ್ಲಿ ರಾರಾಜಿಸುತ್ತಿರುತ್ತದೆ. ಬೀಗದಕೈಯನ್ನು ಬಾಗಿಲ ಮೇಲೇ ಮೊಳೆ ಹೊಡೆದು ತೂಗುಹಾಕಿದ ಹಾಗೆ.

ಇದು ಒಬ್ಬಿಬ್ಬರ ಕತೆಯಲ್ಲ. ಚೌಡೇಶ್ವರಿನಗರದಲ್ಲಿ ಕೇಳಿ, ಪ್ರೀತಿನಗರದಲ್ಲಿ ಕೇಳಿ, ಪಕ್ಕದ ರಾಜಗೋಪಾಲನಗರಕ್ಕೇ ಹೋಗಿ ಕೇಳಿ. ಲೈನ್ ಎಳೆಯಲು ಬಂದ ಹುಡುಗ ‘ಪಾಸ್‌ವರ್ಡ್ ಏನ್ ಇಡ್ಲಿ ಸಾರ್?’ ಅಂತಾನೆ. ‘ನನ್ ನಂಬರೇ ಇಟ್ಬಿಡಪ್ಪ, ಮರೆಯಲ್ಲ’ ಅಂತಾರೆ ಇವರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಹುಡುಗ ಬೈಕ್ ಹತ್ತಿ ಮುಂದಿನ ಮನೆಗೆ ಹೋದ. ಡಬ್ಬ ಕೂತ ಜಾಗದಲ್ಲೇ ಕೂತಿತು. ಮುಂದಿನ ನಾಲ್ಕು ವರ್ಷ ಅದನ್ನು ಯಾರೂ ಮುಟ್ಟುವುದಿಲ್ಲ, ಧೂಳು ಒರೆಸಲೂ ಇಲ್ಲ.

ಒಂದು ಡಬ್ಬ, ಆರು ಸಂಸಾರ

ಲಗ್ಗೆರೆಗೆ ವೈಫೈ ಶೋಕಿಗೆ ಬಂದದ್ದಲ್ಲ. ಇಲ್ಲಿರುವವರು ಬೆಳಗ್ಗೆ ಎದ್ದು ಪೀಣ್ಯದ ಕಾರ್ಖಾನೆಗೆ ಹೋಗುವವರು, ಗಾರ್ಮೆಂಟ್ಸ್ ಬಸ್ಸಿಗೆ ಓಡುವ ಹೆಣ್ಣುಮಕ್ಕಳು, ಆಟೋದವರು, ಊಟದ ಡಬ್ಬಿ ಹೊತ್ತು ಬೈಕ್ ಓಡಿಸುವ ಹುಡುಗರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿತ್ತು, ಶಾಲೆ ಮುಚ್ಚಿತು. ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಎಂದು ಸರ್ಕಾರ ಜೂನ್ ತಿಂಗಳಲ್ಲಿ ಆದೇಶ ಮಾಡಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಪಾಠವಂತೂ ಮೊಬೈಲಿಗೆ ಬಂದು ಕೂತಿತು. ಮೂರು ಮಕ್ಕಳಿರುವ ಮನೆಯಲ್ಲಿ ಒಂದೇ ಮೊಬೈಲು, ಅದರಲ್ಲಿ ದಿನಕ್ಕೆ ಒಂದೂವರೆ ಜಿಬಿ. ಮಧ್ಯಾಹ್ನದೊಳಗೆ ಡೇಟಾ ಖಲಾಸ್. ಆಗ ಹಲವು ಮನೆಗಳಿಗೆ ಹೊಳೆದ ದಾರಿ ಒಂದೇ: ಮಾಲೀಕರ ಮನೆಯ ವೈಫೈ.

ಲೆಕ್ಕವೂ ಸುಲಭ. ತಿಂಗಳಿಗೆ 600 ರೂಪಾಯಿಯ ಪ್ಲಾನು ಎಂದಿಟ್ಟುಕೊಳ್ಳಿ. ಮೇಲೆ ಶೇಕಡ 18 ಜಿಎಸ್‌ಟಿ ಸೇರಿದರೆ 708. ಆರು ಮನೆಗೆ ಹಂಚಿದರೆ ತಲೆಗೆ 118 ರೂಪಾಯಿ. ಕಾಫಿ, ಮಸಾಲೆ ದೋಸೆಯ ದುಡ್ಡು. ಬಡವರು ಕೂಡಿ ಬಾಳುವುದರಲ್ಲಿ ತಪ್ಪೇನಿದೆ? ನೀರಿನ ಸಂಪು ಒಂದೇ, ಮೋಟಾರು ಒಂದೇ, ತಾರಸಿಯ ಬಟ್ಟೆ ಹಗ್ಗ ಒಂದೇ. ವೈಫೈ ಮಾತ್ರ ಬೇರೆಬೇರೆ ಯಾಕೆ ಬೇಕು?

ಇಲ್ಲೇ ಇರುವುದು ಪೇಚು. ಸಂಪಿನ ನೀರನ್ನು ಯಾರು ಕುಡಿದರೂ ಪೊಲೀಸಿನವರು ಬಂದು ಕೇಳುವುದಿಲ್ಲ. ಇಂಟರ್ನೆಟ್ ಹಾಗಲ್ಲ. ಆರು ಮನೆಯ ಹದಿನೆಂಟು ಮೊಬೈಲಿನಿಂದ ಯಾರೇ ಏನೇ ಮಾಡಲಿ, ಹೊರಗಿನ ಲೋಕಕ್ಕೆ ಕಾಣುವುದು ಒಂದೇ ವಿಳಾಸ. ಐಪಿ ವಿಳಾಸ ಅಂತಾರೆ ಅದಕ್ಕೆ. ಆ ವಿಳಾಸದ ಹಿಂದೆ ಕಂಪನಿಯ ಕಡತದಲ್ಲಿ ಇರುವುದೂ ಒಂದೇ ಹೆಸರು: ಆಧಾರ್ ಜೆರಾಕ್ಸ್ ಕೊಟ್ಟು ಸಂಪರ್ಕ ಪಡೆದವರದ್ದು.

ಬೆಂಗಳೂರಿನ ಐವತ್ತು ದಿನ

ಇದೇನು ಹೆದರಿಸುವ ಮಾತೇ ಎನ್ನುವವರು 2007ನ್ನು ನೆನಪಿಸಿಕೊಳ್ಳಬೇಕು. ಆಗ ಆರ್ಕುಟ್ ಎಂಬ ತಾಣ ಇತ್ತು, ಹುಡುಗರೆಲ್ಲ ಅದರಲ್ಲೇ ಇದ್ದರು. ಅದರಲ್ಲಿ ಯಾರೋ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡಿ ಚಿತ್ರ ಹಾಕಿದರು. ಪುಣೆ ಪೊಲೀಸರು ಐಪಿ ವಿಳಾಸದ ಜಾಡು ಹಿಡಿದರು. ಇಂಟರ್ನೆಟ್ ಕೊಡುವ ಕಂಪನಿ ಒಂದು ಹೆಸರು ಕೊಟ್ಟಿತು. ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಎತ್ತಿಕೊಂಡು ಹೋದರು. ಯರವಡಾ ಜೈಲಿನಲ್ಲಿ ಐವತ್ತು ದಿನ. ಆಮೇಲೆ ಗೊತ್ತಾದದ್ದು ಏನೆಂದರೆ ಕಂಪನಿ ಕೊಟ್ಟ ಮಾಹಿತಿಯೇ ತಪ್ಪು! ಆ ಪುಣ್ಯಾತ್ಮನಿಗೂ ಆ ಚಿತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅಲ್ಲಿ ತಪ್ಪು ಕಾಗದದ್ದು. ಮರು ವರ್ಷ ನಡೆದದ್ದು ಇನ್ನೂ ಲಗ್ಗೆರೆಗೆ ಹತ್ತಿರದ್ದು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬು ಸಿಡಿಯಿತು. ಅದರ ಹಿಂದಿನ ದಿನವೇ ಬೆಂಗಳೂರಿನಲ್ಲೂ ಸಿಡಿದಿತ್ತು ಎಂಬುದು ಊರಿನವರಿಗೆ ಮರೆತಿಲ್ಲ. ಅಹಮದಾಬಾದಿನ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್ಲುಗಳಿಗೆ ಒಂದು ಇ-ಮೇಲ್ ಹೋಗಿತ್ತು. ಜಾಡು ಹಿಡಿದು ಹೋದ ಪೊಲೀಸರು ಮುಟ್ಟಿದ್ದು ನವಿ ಮುಂಬೈನಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕನ್ ಪ್ರಜೆಯ ಫ್ಲಾಟನ್ನು. ಆತನ ವೈಫೈಗೆ ಭದ್ರವಾದ ಬೀಗ ಇರಲಿಲ್ಲ. ಹೊರಗಿನವರು ಅದನ್ನೇ ಬಳಸಿಕೊಂಡು ಬಾಂಬಿನ ಪತ್ರ ಕಳಿಸಿದ್ದರು. ಆತನ ಕೈವಾಡವಿಲ್ಲ ಎಂದು ತೀರ್ಮಾನವಾಗುವ ಹೊತ್ತಿಗೆ ವಿಚಾರಣೆ, ಪತ್ರಿಕೆಯಲ್ಲಿ ಫೋಟೋ, ಎಲ್ಲ ಮುಗಿದಿತ್ತು. ಆ ವರ್ಷವೇ ಮುಂಬೈಯ ಇನ್ನೂ ಎರಡು ಕಡೆ ಇದೇ ಬಗೆಯಲ್ಲಿ ಬೇರೆಯವರ ವೈಫೈ ಹಿಡಿದು ಪತ್ರ ಕಳಿಸಿದರು. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಖಾಸಗಿ ಕಂಪನಿ.

2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಎಚ್ಚೆತ್ತು ವೈಫೈ ಭದ್ರತೆಯ ಬಗ್ಗೆ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಸೂಚನೆ ದೆಹಲಿಯಿಂದ ಹೊರಟು ಲಗ್ಗೆರೆಯ ಮೂರನೇ ಅಂತಸ್ತಿಗೆ ತಲುಪುವಷ್ಟರಲ್ಲಿ ಮೊಬೈಲ್ ನಂಬರಿನ ಪಾಸ್‌ವರ್ಡ್ ಆಗಿ ನಿಂತಿದೆ.

ಐಪಿ ವಿಳಾಸ ಒಂದರಿಂದಲೇ ಯಾರೂ ಅಪರಾಧಿ ಆಗುವುದಿಲ್ಲ, ಅದು ಕೋರ್ಟಿನ ಮಾತು. ಕೋರ್ಟಿಗೆ ಹೋಗುವ ಮುಂಚಿನ ಮಾತು ಬೇರೆ. ಠಾಣೆಗೆ ಕರೆಯಬಹುದು. ಮೊಬೈಲು, ಲ್ಯಾಪ್‌ಟಾಪು ಪರೀಕ್ಷೆಗೆ ಅಂತ ವಶಕ್ಕೆ ಹೋಗಬಹುದು. ಬಾಡಿಗೆ ಹುಡುಗ ಯಾರೋ ಸಾಲದ ಆ್ಯಪಿನ ದಂಧೆಗೆ ಕೈ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ಸೆನ್ ಠಾಣೆಯವರು ಮೊದಲು ಬೆಲ್ ಒತ್ತುವುದು ಬಿಲ್ಲಿನಲ್ಲಿ ಹೆಸರಿರುವ ಮಾಲೀಕರ ಮನೆಯದ್ದು. ‘ಅವತ್ತು ರಾತ್ರಿ ಹನ್ನೊಂದಕ್ಕೆ ಯಾರು ಬಳಸ್ತಾ ಇದ್ರು?’ ಎಂದರೆ ಮಾಲೀಕರು ಏನು ಹೇಳಬೇಕು? ಮನೆಯ ಡಬ್ಬ ಸಾಮಾನ್ಯವಾಗಿ ತಿಂಗಳುಗಟ್ಟಲೆ ಲೆಕ್ಕ ಇಡುವುದಿಲ್ಲ. ಕರೆಂಟ್ ಹೋಗಿ ಬಂದರೆ ಇದ್ದಬದ್ದ ನೆನಪೂ ಅಳಿಸಿಹೋಗುವುದುಂಟು.

ಎರಡನೇ ಬೀಗದಕೈ

ಇಷ್ಟು ಹೊತ್ತು ಹೇಳಿದ್ದು ಒಂದು ಪಾಸ್‌ವರ್ಡಿನ ಕತೆ. ಇನ್ನೊಂದಿದೆ. ಅದು ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ.

ವೈಫೈ ಪಾಸ್‌ವರ್ಡು ಎಂದರೆ ಮನೆಯೊಳಗೆ ಬರುವ ಬೀಗದಕೈ. ಎರಡನೆಯದು ಡಬ್ಬವನ್ನೇ ಬಿಚ್ಚುವ ಕೈ. ಅದು ಸಿಕ್ಕವನು ವೈಫೈ ಹೆಸರು ಬದಲಿಸಬಹುದು, ಪಾಸ್‌ವರ್ಡು ಬದಲಿಸಬಹುದು, ಯಾರ್ಯಾರು ಒಳಗಿದ್ದಾರೆ ನೋಡಬಹುದು. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ಬ್ಯಾಂಕಿನ ಹೆಸರು ಒತ್ತಿದರೆ ಯಾವ ದಾರಿಗೆ ಕಳಿಸಬೇಕು ಎಂಬ ಕೈಮರವನ್ನೇ ಅವನು ತಿರುಗಿಸಿ ಇಡಬಹುದು. ಡಬ್ಬವನ್ನು ತಲೆಕೆಳಗು ಮಾಡಿ ನೋಡಿ. ಚೀಟಿ ಅಂಟಿಸಿರುತ್ತಾರೆ. ಹಳೇ ಡಬ್ಬಗಳಲ್ಲಿ ಹೆಚ್ಚಾಗಿ ಬಳಕೆದಾರ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಒಂದೇ ಮಾದರಿಯ ಸಾವಿರಾರು ಡಬ್ಬಕ್ಕೂ ಇದೇ ಕೈ. ಊರಿನ ಬೀಗಗಳಿಗೆಲ್ಲ ಒಂದೇ ಕೀಲಿ ಮಾಡಿಕೊಟ್ಟ ಕಮ್ಮಾರನನ್ನು ಹಳ್ಳಿಯಲ್ಲಿ ಏನು ಮಾಡುತ್ತಿದ್ದರು?

ಇದರ ಫಲ ಏನೆಂದು ಕರ್ನಾಟಕ ಕಣ್ಣಾರೆ ಕಂಡಿದೆ. 2017ರ ಜುಲೈ ಕೊನೆಯ ವಾರ. ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಮನೆಮನೆಯ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿದವು. ದೀಪ ಕೆಂಪಗೆ. ಇಂಟರ್ನೆಟ್ ಇಲ್ಲ. ಜನ ಕಚೇರಿಗೆ ಫೋನ್ ಮಾಡಿ ಮಾಡಿ ಸುಸ್ತಾದರು. ಕೇಬಲ್ ತುಂಡಾಗಿದೆ, ಮಳೆ ನೀರು ನುಗ್ಗಿದೆ ಎಂದುಕೊಂಡವರೇ ಹೆಚ್ಚು. ಆದದ್ದು ಅದಲ್ಲ. ಇಂಟರ್ನೆಟ್ಟಿನಲ್ಲಿ ತಿರುಗುತ್ತಿದ್ದ ಒಂದು ಕೇಡಿನ ಪ್ರೋಗ್ರಾಂ ಸಾಲಾಗಿ ಬಾಗಿಲು ತಟ್ಟುತ್ತ ಬಂದಿತ್ತು. ‘ಅಡ್ಮಿನ್-ಅಡ್ಮಿನ್’ ಎಂದು ಹೇಳಿ ನೋಡಿತು. ತೆರೆದುಕೊಂಡ ಡಬ್ಬಗಳ ಒಳಗೆ ಹೋಗಿ ಕೆಡಿಸಿ ಹೊರಗೆ ಬಂತು. ಬ್ರಿಕರ್‌ಬಾಟ್ ಎಂದು ಅದರ ಹೆಸರು ಹೇಳಲಾಯಿತು. ಬ್ರಿಕ್ ಎಂದರೆ ಇಟ್ಟಿಗೆ. ಮುಟ್ಟಿದ್ದನ್ನು ಇಟ್ಟಿಗೆ ಮಾಡುವುದೇ ಅದರ ಕಸುಬು.

ಎಷ್ಟು ಡಬ್ಬ ಹೋದವು? ಅಧಿಕಾರಿಗಳ ಬಾಯಲ್ಲಿ 2 ಸಾವಿರ ಎಂದು ಬಂತು, ಪತ್ರಿಕೆಗಳಲ್ಲಿ 60 ಸಾವಿರ ಎಂದೂ ಬಂತು. ಸರ್ಕಾರಿ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ನಡುವೆ ಇಷ್ಟು ಅಂತರ ಇರುವುದು ಹೊಸತೇನಲ್ಲ ಬಿಡಿ. ಕೊನೆಗೆ ಬಿಎಸ್‌ಎನ್‌ಎಲ್ ಕೊಟ್ಟ ಸಲಹೆ ಒಂದೇ ಸಾಲಿನದ್ದು: ಗ್ರಾಹಕರು ಮೋಡೆಮ್‌ನ ಮೂಲ ಪಾಸ್‌ವರ್ಡನ್ನು ಬದಲಿಸಿಕೊಳ್ಳಿ. ಅದನ್ನು ಡಬ್ಬ ಕೂರಿಸಿದ ದಿನವೇ ಹೇಳಿದ್ದರೆ?

ಅಂದಿನ ಕೀಟ ಡಬ್ಬವನ್ನು ಕೊಂದು ಹೋಯಿತು, ಅಷ್ಟರಮಟ್ಟಿಗೆ ಪುಣ್ಯ. ಕೊಲ್ಲದೆ ಒಳಗೇ ಕೂರುವ ಜಾತಿಯೂ ಇದೆ. ಅದಕ್ಕೂ ಹಿಂದಿನ ವರ್ಷ, 2016ರಲ್ಲಿ, ಮಿರಾಯ್ ಎಂಬುದು ಬಂದಿತ್ತು. ಸುಮಾರು ಅರವತ್ತು ಮಾಮೂಲಿ ಹೆಸರು-ಪಾಸ್‌ವರ್ಡುಗಳ ಪಟ್ಟಿ ಹಿಡಿದು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೌಟರುಗಳೊಳಗೆ ನುಗ್ಗಿತು. ಅವುಗಳನ್ನೇ ಸೇನೆ ಮಾಡಿಕೊಂಡು ದೊಡ್ಡದೊಡ್ಡ ತಾಣಗಳ ಮೇಲೆ ದಾಳಿ. ಬರೆದವರು ಯಾರು? ಇಪ್ಪತ್ತು, ಇಪ್ಪತ್ತೊಂದರ ಮೂವರು ಅಮೆರಿಕನ್ ಹುಡುಗರು. 2017ರ ಡಿಸೆಂಬರಿನಲ್ಲಿ ತಪ್ಪೊಪ್ಪಿಕೊಂಡರು. ಹೀಗೆ ಸೇನೆಗೆ ಸೇರಿದ ಡಬ್ಬದ ಮಾಲೀಕನಿಗೆ ಏನೂ ಗೊತ್ತಾಗುವುದಿಲ್ಲ. ‘ನೆಟ್ ಯಾಕೋ ಸ್ಲೋ’ ಅಂತ ಕೇಬಲಿನವನನ್ನು ಬೈಯುತ್ತ ಕೂತಿರುತ್ತಾನೆ.

‘ಕದಿಯೋಕೆ ನಮ್ಮನೇಲಿ ಏನಿದೆ ಸ್ವಾಮಿ?’ ಎಂಬುದು ಲಗ್ಗೆರೆಯ ಸಾಮಾನ್ಯ ಪ್ರಶ್ನೆ. ಕದಿಯುವುದು ಬೇಕಿಲ್ಲ. ನಿಮ್ಮ ವಿಳಾಸ ಬಾಡಿಗೆಗೆ ಸಿಕ್ಕರೆ ಸಾಕು.

ಸ್ಲೋ ಆದರೆ ಜಗಳ

ಕಟ್ಟಡದಲ್ಲಿ ವೈಫೈ ಕಾರಣಕ್ಕೆ ನಡೆಯುವ ಜಗಳ ಮಾತ್ರ ಬೇರೆಯದೇ ವಿಷಯಕ್ಕೆ. ಎರಡನೇ ಮಹಡಿಯ ಹುಡುಗರು ರಾತ್ರಿಯೆಲ್ಲ ಸಿನಿಮಾ ಇಳಿಸ್ತಾರೆ, ಅದಕ್ಕೇ ನಮ್ಮ ಮಗಳ ಕ್ಲಾಸು ನಿಂತು ನಿಂತು ಬರುತ್ತೆ ಎಂಬುದು ಕೆಳಮನೆಯ ದೂರು. ಇರಬಹುದು. ಆದರೆ ಪ್ರತಿಸಲ ಕಳ್ಳ ಅವನೇ ಅಲ್ಲ.

ವೈಫೈ ಎಂದರೆ ರೇಡಿಯೋವೇ. ಹಿಂದೆ ಮನೆಯಲ್ಲಿ ರೇಡಿಯೋ ಇಡಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು, ಹಿರಿಯರಿಗೆ ನೆನಪಿರಬಹುದು. ಅದೂ ಕೇಳುವ ರೇಡಿಯೋಗೆ! ಈಗ ಪ್ರತಿ ಮನೆಯಲ್ಲೂ ಬಿತ್ತುವ ರೇಡಿಯೋ ಇದೆ, ಲೈಸೆನ್ಸ್ ಬೇಡ. 2.4 ಗಿಗಾಹರ್ಟ್ಜ್ ಎಂಬ ತರಂಗದ ಪಟ್ಟಿಯನ್ನು ಸರ್ಕಾರ 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಬಿಟ್ಟಿ ರಸ್ತೆ ಎಂದರೆ ಜಾಮ್ ಆಗದೆ ಇರುತ್ತದೆಯೇ? ಈ ಪಟ್ಟಿಯಲ್ಲಿ ಚಾನೆಲ್ಲುಗಳು ಹದಿಮೂರು ಇದ್ದರೂ ಒಂದಕ್ಕೊಂದು ತಾಕದೆ ಓಡುವುದು 1, 6, 11 ಈ ಮೂರೇ. ಲಗ್ಗೆರೆಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆ. ಒಂದು ಕೋಣೆಯಲ್ಲಿ ಮೊಬೈಲ್ ಹಿಡಿದು ನೋಡಿದರೆ ಹದಿನೈದು ಇಪ್ಪತ್ತು ವೈಫೈ ಹೆಸರು ಇಳಿದು ಬರುತ್ತವೆ. ಅಷ್ಟೂ ಡಬ್ಬ ಮೂರು ಓಣಿಯಲ್ಲಿ ನುಗ್ಗಾಡಿದರೆ ಎಲ್ಲರೂ ಸ್ಲೋ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ ತರಂಗದಲ್ಲಿ ಉರಿಯುವುದು, ಅದರ ಕಿತಾಪತಿ ಬೇರೆ.

5 ಗಿಗಾಹರ್ಟ್ಜ್ ಎಂಬ ಇನ್ನೊಂದು ರಸ್ತೆ ಇದೆ. ಅಗಲ, ವೇಗ ಹೆಚ್ಚು. ಗೋಡೆ ಎದುರಾದರೆ ಮಾತ್ರ ಬಲು ಬೇಗ ಸೋಲುತ್ತದೆ. ಡಬ್ಬ ಇರುವ ಕೋಣೆಗೆ ಅದು, ಆಚೆ ಕೋಣೆಗೆ 2.4, ಹೀಗೆ ಬಳಸಿದರೆ ಸಲೀಸು. ಇನ್ನು ಡಬ್ಬ ಇಡುವ ಜಾಗ. ಕೇಬಲ್ ಎಲ್ಲಿ ಒಳಗೆ ಬಂತೋ ಅಲ್ಲೇ ಮೊಳೆ ಹೊಡೆದು ಹೋಗುವುದು ಹುಡುಗರ ಪದ್ಧತಿ. ಹಾಗಾಗಿ ಅದು ಕಿಟಕಿ ಮೂಲೆ, ಟಿವಿ ಹಿಂದೆ, ಇಲ್ಲವೇ ಉಕ್ಕಿನ ಬೀರುವಿನ ಪಕ್ಕ. ಕಬ್ಬಿಣ ಈ ತರಂಗವನ್ನು ತಡೆದು ತಿರುಗಿಸುತ್ತದೆ, ಸಿಮೆಂಟಿನ ತಾರಸಿ ನುಂಗುತ್ತದೆ. ಅರ್ಧ ಸಿಗ್ನಲ್ಲು ಬೀದಿಗೆ, ಅರ್ಧ ಬೀರುವಿಗೆ. ಎರಡು ಗಜ ಹೆಚ್ಚು ವೈರು ಕೇಳಿ ಪಡೆದು ನಡುಮನೆಯಲ್ಲಿ ಎತ್ತರಕ್ಕೆ ಇಡಿಸಿಕೊಂಡರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಕರೆಂಟ್ ಹೋದಾಗಿನದ್ದೂ ಒಂದು ಮಾತು. ನಿಜವಾದ ಗಾಜಿನ ಎಳೆ, ಫೈಬರ್, ಮನೆವರೆಗೂ ಬಂದಿದ್ದರೆ ಕಂಬದ ಮೇಲಿನ ಕವಲುಡಬ್ಬಿಗೆ ಕರೆಂಟೇ ಬೇಡ. ಬೆಸ್ಕಾಂ ಕೈಕೊಟ್ಟರೂ ಲೈನಿಗೆ ಜೀವ ಇರುತ್ತದೆ, ಸತ್ತಿರುವುದು ಮನೆಯ ಡಬ್ಬ ಮಾತ್ರ. 12 ವೋಲ್ಟಿನ ಅಂಗೈಯಗಲದ ಯುಪಿಎಸ್ ಹಾಕಿದರೆ ಪರೀಕ್ಷೆ ಹೊತ್ತಿನಲ್ಲಿ ಮಕ್ಕಳು ಪರದಾಡುವುದಿಲ್ಲ. ಆದರೆ ಕಂಬದಿಂದ ಮನೆಗೆ ತಾಮ್ರದ ವೈರು ಎಳೆದು, ಕಂಬದ ಮೇಲೆ ಕರೆಂಟಿನ ಪೆಟ್ಟಿಗೆ ಕೂರಿಸಿದವರ ಹತ್ತಿರ ಈ ಆಟ ನಡೆಯದು. ‘ಫೈಬರ್ ಮನೆವರೆಗೂ ಬರುತ್ತಾ, ಕಂಬದವರೆಗಾ?’ ಎಂದು ದುಡ್ಡು ಕೊಡುವ ಮುಂಚೆ ಕೇಳಬೇಕು. ಕೇಳುವವರು ಕಡಿಮೆ.

ಮಾಡುವುದೇನು ಮಹಾ?

ಬೀಗದ ಮಾತಿಗೆ ಬರೋಣ. ಇದಕ್ಕೆ ಇಂಜಿನಿಯರು ಬೇಕಿಲ್ಲ, ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಗಳಿದ್ದರೆ ಸಾಕು. ಮೊಬೈಲನ್ನು ಅದೇ ವೈಫೈಗೆ ಸೇರಿಸಿ, ಗೂಗಲ್ ತೆರೆಯುವ ಕಡೆ ಡಬ್ಬದ ಅಡಿಯ ಚೀಟಿಯಲ್ಲಿರುವ ಅಂಕಿಗಳನ್ನು ಒತ್ತಬೇಕು. ಹೆಚ್ಚಾಗಿ ಅದು 192.168.1.1 ಇಲ್ಲವೇ 192.168.0.1. ಡಬ್ಬದ ಬಾಗಿಲು ತೆರೆಯುತ್ತದೆ. ಮೊದಲ ಕೆಲಸ, ಆ ‘ಅಡ್ಮಿನ್’ ಪಾಸ್‌ವರ್ಡನ್ನು ಕಿತ್ತು ಬೇರೆ ಹಾಕುವುದು, ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿ ಇಡುವುದು. ಕೆಲವು ಕಂಪನಿಗಳ ಡಬ್ಬದಲ್ಲಿ ಈ ಕೈ ಗ್ರಾಹಕನಿಗೆ ಸಿಗುವುದೇ ಇಲ್ಲ, ಅವರೇ ಇಟ್ಟುಕೊಂಡಿರುತ್ತಾರೆ. ಆಗ ಬದಲಿಸಿಕೊಡಿ ಎಂದು ಫೋನ್ ಹಚ್ಚಿ ಪಟ್ಟು ಹಿಡಿಯಬೇಕು. ತಿಂಗಳು ತಿಂಗಳು ಬಿಲ್ ಕಟ್ಟುವವನಿಗೆ ಕೇಳುವ ಹಕ್ಕಿದೆ.

ಆಮೇಲೆ ವೈಫೈ ಪಾಸ್‌ವರ್ಡು. ಮೊಬೈಲ್ ನಂಬರ್ ಬೇಡ, ಮಗುವಿನ ಹೆಸರು ಬೇಡ, ಮನೆದೇವರ ಹೆಸರಂತೂ ಬೇಡವೇ ಬೇಡ. ಗೇಟಿನ ಮೇಲೆ ಕೆತ್ತಿಸಿರುತ್ತೀರಿ. ಸಂಬಂಧವಿಲ್ಲದ ನಾಲ್ಕು ಮಾತು ಸೇರಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ, ಹುಣಸೆ, ಗರಗಸ, ಬುಧವಾರ, ಎಮ್ಮೆ ಎನ್ನುವ ಹಾಗೆ, ಯಂತ್ರಕ್ಕೂ ಊಹಿಸಲು ಕಷ್ಟ, ಮನೆಯವರಿಗೆ ನೆನಪಿಡಲು ಸುಲಭ. ಬೀಗದ ಜಾತಿ ಯಾವುದು ಎಂದು ಕೇಳುವ ಕಡೆ ಡಬ್ಲ್ಯುಪಿಎ-2ಕ್ಕೆ ಕಡಿಮೆ ಇರಬಾರದು, ಡಬ್ಲ್ಯುಪಿಎ-3 ಇದ್ದರೆ ಇನ್ನೂ ಭದ್ರ. ಡಬ್ಲ್ಯುಇಪಿ ಎಂಬ ಹಳೇ ಬೀಗ ಈಗ ನಿಮಿಷಗಳಲ್ಲಿ ಮುರಿಯುತ್ತದೆ. ಗುಂಡಿ ಒತ್ತಿದರೆ ಸೇರಿಕೊಳ್ಳುವ ಡಬ್ಲ್ಯುಪಿಎಸ್ ಎಂಬ ಸೌಕರ್ಯವನ್ನೂ, ಹೊರಗಿನಿಂದ ಡಬ್ಬವನ್ನು ನಿಭಾಯಿಸುವ ಸೌಕರ್ಯವನ್ನೂ ಆರಿಸಿಬಿಡುವುದು ಕ್ಷೇಮ. ಕಂಪನಿಯವರು ದೂರದಿಂದ ರಿಪೇರಿಗೆ ಇಟ್ಟುಕೊಂಡ ದಾರಿ ಬೇರೆ ಇರುತ್ತದೆ, ಅದನ್ನು ಅವರೇ ನೋಡಿಕೊಳ್ಳಬೇಕು. ಡಬ್ಬದೊಳಗಿನ ಸಾಫ್ಟ್‌ವೇರಿಗೂ ಆಗಾಗ ತೇಪೆ ಬರುತ್ತದೆ. ವರ್ಷಕ್ಕೆರಡು ಸಲ ನೋಡಿದರೆ ಸಾಕು. ಕಂಪನಿಯೇ ಕೈಬಿಟ್ಟ ಹಳೇ ಮಾದರಿಯಾದರೆ ತೇಪೆಯೂ ಬರದು, ಡಬ್ಬ ಬದಲಿಸಬೇಕು.

ಬಾಡಿಗೆಯವರಿಗೆ ಕೊಡಲೇಬೇಕೆಂದರೆ? ಹೆಚ್ಚಿನ ಹೊಸ ಡಬ್ಬಗಳಲ್ಲಿ ಅತಿಥಿಗಳಿಗೆಂದು ಬೇರೆ ವೈಫೈ ತೆಗೆಯಬಹುದು. ಅದರ ಹೆಸರು ಬೇರೆ, ಪಾಸ್‌ವರ್ಡು ಬೇರೆ. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಮಾಲೀಕರ ಟಿವಿ, ಕ್ಯಾಮೆರಾ ಕಾಣುವುದಿಲ್ಲ. ಈ ಕ್ಯಾಮೆರಾ ಮಾತು ಹಗುರದ್ದಲ್ಲ. ಮೆಟ್ಟಿಲಲ್ಲಿ ಹತ್ತಿ ಇಳಿಯುವ ಹೆಣ್ಣುಮಕ್ಕಳ ಓಡಾಟವೆಲ್ಲ ಅದರಲ್ಲಿರುತ್ತದೆ. ಒಂದೇ ವೈಫೈನಲ್ಲಿ ಕೂತ ಪೋಕರಿಯೊಬ್ಬ ಕ್ಯಾಮೆರಾದ ಕಾರ್ಖಾನೆ ಪಾಸ್‌ವರ್ಡ್ ಒತ್ತಿ ನೋಡಿದರೆ ಯಾವ ಗಂಡಸು ಮನೆಯಲ್ಲಿಲ್ಲ, ಯಾವ ಹೆಣ್ಣು ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದೆಲ್ಲ ಅವನ ಅಂಗೈಯಲ್ಲಿ. ಕಾವಲಿಗೆ ಹಾಕಿದ್ದೇ ಕನ್ನಕ್ಕೆ ದಾರಿ.

ಆದರೆ ಅತಿಥಿ ವೈಫೈ ಮಾಡಿದರೂ ಹೊರಗಿನ ವಿಳಾಸ ಒಂದೇ, ಬಿಲ್ಲಿನ ಹೆಸರೂ ಅದೇ. ಪೊಲೀಸಿನ ಪ್ರಶ್ನೆಗೆ ಅದು ಉತ್ತರವಲ್ಲ. ಬಾಡಿಗೆಯವರಿಂದ ದುಡ್ಡು ಇಸಿದುಕೊಂಡು ಇಂಟರ್ನೆಟ್ ಹಂಚುವುದು ಮನೆ ಬಳಕೆಯ ಕರಾರಿಗೆ ಹೊಂದುವ ವ್ಯವಹಾರವೂ ಅಲ್ಲ. ಇದಕ್ಕೊಂದು ನೇರ ದಾರಿಯನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರಿನಲ್ಲೇ ತೆರೆದಿದೆ, ಪಿಎಂ-ವಾಣಿ ಎಂದು ಅದರ ಹೆಸರು. ಅಂಗಡಿಯವರಾಗಲಿ ಮನೆ ಮಾಲೀಕರಾಗಲಿ ಲೈಸೆನ್ಸ್ ಇಲ್ಲದೆ ವೈಫೈ ಹಂಚಬಹುದು, ಮಾರಬಹುದು. ಬಳಸುವವನು ತನ್ನ ಮೊಬೈಲ್ ನಂಬರಿನಿಂದ ಗುರುತು ಒಪ್ಪಿಸಿ ಒಳಗೆ ಬರುತ್ತಾನೆ. ಯಾರು, ಯಾವಾಗ ಎಂಬ ಲೆಕ್ಕ ಮಾಲೀಕನ ತಲೆಯ ಮೇಲಿರುವುದಿಲ್ಲ, ನಡುವಿನ ಸಂಸ್ಥೆಯ ಬಳಿ ಇರುತ್ತದೆ. ಯೋಜನೆ ಒಳ್ಳೆಯದೇ. ಬೀದಿಯ ಕೇಬಲಿನವನ ಬಾಯಲ್ಲಿ ಅದರ ಹೆಸರು ಬರುವುದಿಲ್ಲ, ಅವನಿಗೆ ಅದರಲ್ಲಿ ಲಾಭವೂ ಇಲ್ಲ. ಪಾಲಿಕೆಯಾದರೂ ಹೇಳಬಹುದಿತ್ತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಿಸುವ ಕೆಲಸದಲ್ಲಿ ಅವಕ್ಕೆ ಪುರುಸೊತ್ತು ಎಲ್ಲಿ!

ಹನ್ನೊಂದು ತಿಂಗಳ ಲೆಕ್ಕ

ಲಗ್ಗೆರೆಯ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಛಾಪಾ ಕಾಗದದ ಹಿಂದೆ ಫ್ಯಾನು ಎರಡು, ಟ್ಯೂಬ್‌ಲೈಟು ಮೂರು, ನಲ್ಲಿ ನಾಲ್ಕು ಎಂದು ಪಟ್ಟಿ ಇರುತ್ತದೆ. ಮನೆ ಖಾಲಿ ಮಾಡುವ ದಿನ ಮಾಲೀಕರು ಆ ಪಟ್ಟಿ ಹಿಡಿದು ನಲ್ಲಿ ತಿರುಗಿಸಿ ನೋಡುತ್ತಾರೆ, ಗೋಡೆಯ ಮೊಳೆ ಎಣಿಸುತ್ತಾರೆ, ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಬಾಡಿಗೆಯವನು ಬಾಗಿಲ ಬೀಗದಕೈ ಎರಡನ್ನೂ ಕೈಗಿಟ್ಟು ಹೋಗುತ್ತಾನೆ. ವೈಫೈ ಬೀಗದಕೈ ಅವನ ಜೇಬಿನ ಮೊಬೈಲಿನಲ್ಲೇ ಹೋಗುತ್ತದೆ.

ಐದು ವರ್ಷದಲ್ಲಿ ಒಂದು ಕಟ್ಟಡದಲ್ಲಿ ಎಷ್ಟು ಸಂಸಾರ ಬಂದು ಹೋದವು? ವರ್ಷಕ್ಕೆ ಮೂರು ಎಂದರೂ ಹದಿನೈದು. ಅವರ ತಮ್ಮಂದಿರು, ಭಾವಮೈದುನರು, ಹಬ್ಬಕ್ಕೆ ಬಂದ ನೆಂಟರು ಬೇರೆ. ಇವರಲ್ಲಿ ಹೆಚ್ಚಿನವರು ದೂರವೇನೂ ಹೋಗಿರುವುದಿಲ್ಲ, ಹಿಂದಿನ ಬೀದಿಯಲ್ಲೇ ಇರುತ್ತಾರೆ. ಸಂಜೆ ಗೇಟಿನ ಮುಂದೆ ಬೈಕ್ ನಿಲ್ಲಿಸಿ ಬಗ್ಗಿದ ತಲೆ ಎತ್ತದೆ ನಿಂತ ಹುಡುಗ ಯಾರಿಗೆ ಕಾಯುತ್ತಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಅವನು ಯಾರಿಗೂ ಕಾಯುತ್ತಿಲ್ಲ. ಅವನ ಮೊಬೈಲು ಹಳೇ ಮನೆಯ ವೈಫೈಯನ್ನು ತಾನಾಗೇ ಹಿಡಿದುಕೊಂಡಿದೆ, ಅಷ್ಟೇ.

ಒಬ್ಬರು ಹೋದ ದಿನ ಪಾಸ್‌ವರ್ಡ್ ಬದಲಿಸಿದರೆ ಉಳಿದ ಐದು ಮನೆಯವರು ಹೊಸದನ್ನು ಒತ್ತಿಕೊಳ್ಳಬೇಕು. ಐದು ನಿಮಿಷದ ಕೆಲಸ. ‘ಟಿವಿಗೆ ಮತ್ತೆ ಯಾರು ಹಾಕ್ತಾರೆ, ಕ್ಯಾಮೆರಾಗೆ ಯಾರು ಹಾಕ್ತಾರೆ, ಹೋಗ್ಲಿ ಬಿಡಿ’ ಎಂದು ಅಲ್ಲಿಗೆ ನಿಲ್ಲುತ್ತದೆ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಬೇಕು ಎಂಬುದು ಈಗ ಬಹುಮಂದಿಗೆ ಗೊತ್ತು. ದುಡ್ಡು ಹೋದವನಿಗೆ ನಂಬರ್ ಇದೆ, ಹೆಸರು ಹೋದವನಿಗೆ ಯಾವ ನಂಬರು?

ಯಾವಾಗಲೋ ಒಂದು ದಿನ ಡಬ್ಬ ಪೂರ್ತಿ ಹಟ ಹಿಡಿಯುತ್ತದೆ. ಮನೆಯವರು ಹೇರ್‌ಪಿನ್ ತೆಗೆದು ಹಿಂದಿನ ಸಣ್ಣ ತೂತಿಗೆ ಚುಚ್ಚಿ ಹತ್ತು ಸೆಕೆಂಡ್ ಹಿಡಿಯುತ್ತಾರೆ. ದೀಪಗಳೆಲ್ಲ ಆರಿ ಮತ್ತೆ ಹೊತ್ತುತ್ತವೆ. ಹಾಕಿದ್ದ ಬೀಗವೆಲ್ಲ ಅಳಿಸಿಹೋಗಿ ಡಬ್ಬ ಮತ್ತೆ ಕಾರ್ಖಾನೆಯಿಂದ ಬಂದ ದಿನದ ‘ಅಡ್ಮಿನ್-ಅಡ್ಮಿನ್’ಗೆ ಮರಳಿರುತ್ತದೆ. ಕೇಬಲಿನ ಹುಡುಗನಿಗೆ ಫೋನ್ ಹೋಗುತ್ತದೆ. ಅವನು ಮರುದಿನ ಬರುತ್ತಾನೆ, ಬೈಕ್ ಆಫ್ ಮಾಡದೆ ಮೇಲೆ ಹತ್ತುತ್ತಾನೆ, ‘ಪಾಸ್‌ವರ್ಡ್ ಏನ್ ಇಡ್ಲಿ ಸಾರ್, ಹಳೇದೇ ಇರ್ಲಾ?’ ಅಂತಾನೆ. ಒಳಗಿನಿಂದ ಉತ್ತರ ಬರುವಷ್ಟರಲ್ಲಿ ಆ ಹತ್ತು ಅಂಕಿಗಳನ್ನು ಒತ್ತಿ ಮುಗಿಸಿರುತ್ತಾನೆ. ಅವನಿಗೂ ಅದು ಬಾಯಿಪಾಠ.